ಬುಧವಾರ ಐದರ ಗದ್ದಲ

ಕವಿತಾಳ ಕಾರ್ಯಕ್ರಮ ಶುರುವಾಯಿತೆಂದರೆ ಹೊಳೆಮಣ್ಣೂರಿನಲ್ಲಿ ರೇಡಿಯೋಗಳು ಒಂದೊಂದಾಗಿ ಬಾಯಿ ಮುಚ್ಚುತ್ತಿದ್ದವು. ಇದೇನೂ ಊರವರು ಕೂಡಿ ಮಾತಾಡಿ ಮಾಡಿದ ಕಟ್ಟಳೆಯಲ್ಲ. ಬುಧವಾರ ಸಂಜೆ ನಾಲ್ಕರಿಂದ ಐದರವರೆಗೆ ಅಡಿವೆವ್ವನ ಸೋಬಾನ ಪದ. ಅಡಿವೆವ್ವ ಕೊನೆಯ ಪದ ಮುಗಿಸಿ, ಕೆಮ್ಮಿ, ಎಲ್ಲರಿಗೂ ಶರಣು ಹೇಳುವ ತನಕ ಹೆಂಗಸರು ಕಿವಿಗೊಟ್ಟು ಕೇಳುತ್ತಿದ್ದರು. ಆಮೇಲೆ ರೇಡಿಯೋದ ಕಿವಿ ಹಿಂಡಿ ಬಂದ್ ಮಾಡುತ್ತಿದ್ದರು. ಆರಕ್ಕೆ ಪೇಟೆ ಧಾರಣೆ ಹೇಳುವಾಗ ಮತ್ತೆ ಹಚ್ಚಿದರಾಯಿತು, ನಡುವೆ ಸೆಲ್ಲು ಯಾಕೆ ಸುಮ್ಮನೆ ಹಾಳಾಗಬೇಕು? ಆ ನಡುವಿನ ಒಂದು ತಾಸು ಕವಿತಾಳದು.

ಕಾರ್ಯಕ್ರಮಕ್ಕೆ ಅವಳು ಇಟ್ಟ ಹೆಸರು ‘ಹಳೆ ಗುಡುಗು ಹೊಸ ಗುಡುಗು’. ಜನ ಇಟ್ಟ ಹೆಸರು ‘ಗದ್ದಲ’. ಎರಡನೆಯದೇ ನಿಂತಿತು. ರೋಣದ ಒಂದು ಡಿಗ್ರಿ ಕಾಲೇಜಿನ ಹಿಂದುಗಡೆ, ಮೊದಲು ಆಟದ ಸಾಮಾನು ತುಂಬಿಡುತ್ತಿದ್ದ ಕೋಣೆಯಲ್ಲಿ ಆ ಪುಟ್ಟ ರೇಡಿಯೋ ಕೇಂದ್ರವಿತ್ತು. ಸದ್ದು ಗೋಡೆಗೆ ಬಡಿದು ತಿರುಗಿ ಬರಬಾರದೆಂದು ನಾಲ್ಕೂ ಗೋಡೆಗೆ ಕೌದಿ ತೂಗುಹಾಕಿದ್ದರು. ಕೇಂದ್ರ ನೋಡಿಕೊಳ್ಳುತ್ತಿದ್ದವರು ಭೌತಶಾಸ್ತ್ರ ಕಲಿಸುವ ಸಲಾವುದ್ದೀನ ಸರ್. ಹವಾ ಚಲೋ ಇದ್ದ ದಿನ ಅದರ ದನಿ ಹೊಳೆಸಾಲಿನ ಹಳ್ಳಿಗಳ ತನಕ ಮುಟ್ಟುತ್ತಿತ್ತು.

ಹೊಳೆಮಣ್ಣೂರಿನ ಹುಡುಗಿಗೆ ಗಿಟಾರಿನ ಹುಚ್ಚು ಎಲ್ಲಿಂದ ಹಿಡಿಯಿತು ಎಂದು ಕೇಳದವರಿಲ್ಲ. ಹಿಡಿದದ್ದು ಗೋವಾದಲ್ಲಿ. ತಂದೆ ನಿಂಗಪ್ಪ, ತಾಯಿ ಯಂಕವ್ವ ದುಡಿಯಲು ಮಡಗಾಂವಿಗೆ ಹೋದಾಗ ಕವಿತಾ ಇನ್ನೂ ಕಂಕುಳ ಕೂಸು. ನಿಂಗಪ್ಪ ರಸ್ತೆ ಕೆಲಸಕ್ಕೆ, ಯಂಕವ್ವ ಒಬ್ಬ ಮುದುಕಿಯ ಮನೆಯ ಮುಸುರೆ ತಿಕ್ಕುವುದಕ್ಕೆ. ಆ ಮುದುಕಿಯ ಮೊಮ್ಮಗ ಮೂವರು ಗೆಳೆಯರನ್ನು ಕಟ್ಟಿಕೊಂಡು ಕಾರು ನಿಲ್ಲಿಸುವ ಶೆಡ್ಡಿನಲ್ಲಿ ದಿನಾಲೂ ಬಾರಿಸುತ್ತಿದ್ದ. ಕವಿತಾ ಹೊರಗೆ ಕಟ್ಟೆಯ ಮೇಲೆ ಕೂತು ತಾಯಿಯ ಕೆಲಸ ಮುಗಿಯುವ ತನಕ ಕೇಳಬೇಕು, ಬೇರೆ ಗತಿಯಿಲ್ಲ. ಮೊದಮೊದಲು ಹೆದರಿಕೆಯಾಯಿತು, ಆಮೇಲೆ ರೂಢಿಯಾಯಿತು, ಒಂಬತ್ತನೆಯ ವಯಸ್ಸಿಗೆ ಅದಿಲ್ಲದಿದ್ದರೆ ಏನೋ ಕಳೆದುಕೊಂಡ ಹಾಗಾಗತೊಡಗಿತು. ಇವೆಲ್ಲ ದೊಡ್ಡ ಕಂಪನಿಗಳು ಬೇಡವೆಂದು ತಳ್ಳಿದ ಹುಡುಗರು ತಮ್ಮ ಪಾಡಿಗೆ ತಾವು ಕಟ್ಟಿದ ಹಾಡುಗಳು ಎಂದು ಆ ಹುಡುಗ ಒಮ್ಮೆ ಹೇಳಿದ್ದ. ಮಗಳು ದೊಡ್ಡವಳಾದ ಮೇಲೆ ಪರ ಊರು ಸಾಕೆಂದು ಯಂಕವ್ವ ಅವಳನ್ನು ಕರೆದುಕೊಂಡು ಊರಿಗೆ ಬಂದಳು, ನಿಂಗಪ್ಪ ಅಲ್ಲೇ ಉಳಿದ. ಹೊರಡುವಾಗ ಆ ಹುಡುಗ ಒಂದು ಪೆನ್‌ಡ್ರೈವ್ ತುಂಬ ಹಾಡು ಹಾಕಿ ಕವಿತಾಳ ಕೈಗಿಟ್ಟ. ಗೋವಾದಿಂದ ಅವಳು ತಂದ ಆಸ್ತಿ ಅದೊಂದೇ.

ಬಿ.ಎ. ಎರಡನೆಯ ವರ್ಷದಲ್ಲಿ ಸಲಾವುದ್ದೀನ ಸರ್ ಕಾರ್ಯಕ್ರಮ ಮಾಡುವವರು ಯಾರಿದ್ದೀರಿ ಎಂದು ಕೇಳಿದಾಗ ಅವಳು ಕೈ ಎತ್ತಿದಳು. ಒಂದು ಹಳೆಯದು, ಒಂದು ಹೊಸದು, ಹೀಗೆ ಜೋಡಿ ಜೋಡಿಯಾಗಿ ಹಾಕುವುದು ಅವಳ ಪದ್ಧತಿ. ಮೂವತ್ತು ವರ್ಷದ ಹಿಂದೆ ಅಮೆರಿಕದ ಯಾವುದೋ ಮಳೆಯ ಊರಿನ ಹುಡುಗರು ಹಾಡಿದ್ದಕ್ಕೆ ಹೋದ ತಿಂಗಳು ಶಿಲ್ಲಾಂಗಿನವರು ಹಾಡಿದ್ದನ್ನು ಜೋಡಿಸುವಳು. ಇಂಗ್ಲೆಂಡಿನ ಹಳೆಯ ತಂಡದ ಬೆನ್ನಿಗೆ ಹುಬ್ಬಳ್ಳಿಯ ಹುಡುಗರು ಅಟ್ಟದ ಮೇಲೆ ಕೂತು ಕನ್ನಡದಲ್ಲಿ ಕಟ್ಟಿದ ಹೊಸ ಹಾಡು ಬರುವುದು. ನಡುನಡುವೆ ವಿವರಿಸುವುದೂ ಇತ್ತು. “ಈ ಹಾಡಿನ್ಯಾಗ ಗಿಟಾರು ಕೆಟ್ಟಿಲ್ಲರಿ, ಸಿಟ್ಟಿಗೆದ್ದೈತಿ. ಒಂದೀಟು ಹೊತ್ತು ಕೇಳ್ರಿ, ಆಮ್ಯಾಲೆ ಯಾಕ ಸಿಟ್ಟಿಗೆದ್ದೈತಿ ಅಂತ ತಿಳೀತೈತಿ” ಎನ್ನುವಳು. ಕೇಳುವ ವ್ಯವಧಾನ ಯಾರಿಗಿತ್ತು? ಜಕ್ಕಲಿಯಲ್ಲಿ ರೇಡಿಯೋ ರಿಪೇರಿ ಮಾಡುವ ಟಿಪ್ಪುಸಾಬ ಒಮ್ಮೆ ಕೇಂದ್ರಕ್ಕೆ ಬಂದು ಕೈಮುಗಿದು, “ಸರ್, ಗುರುವಾರ ಬಂತಂದ್ರ ನನ್ನ ಅಂಗಡಿಗೆ ಚಲೋ ಇದ್ದ ರೇಡಿಯೋ ಎಲ್ಲಾ ಬರ್ತಾವ್ರಿ. ‘ಗರಗರ ಅನ್ನಾಕತ್ತೈತಿ, ಸ್ಪೀಕರ್ ಹರದೈತಿ ನೋಡು’ ಅಂತಾರ್ರಿ. ನಾ ಏನಂತ ಹೇಳ್ಲಿ?” ಎಂದ. ಕವಿತಾ ಅಂದು ಎಲ್ಲರ ಜೊತೆ ನಕ್ಕಳು. ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು.

ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ತನ್ನ ಊರಿನಲ್ಲಿ ಯಾರಾದರೂ ಒಬ್ಬರು ಕೇಳಬೇಕು. ಮೊದಲು ಗದ್ದಲಕ್ಕೆ ರವಿವಾರ ಮಧ್ಯಾಹ್ನದ ವೇಳೆ ಕೊಟ್ಟಿದ್ದರು. ಊರೆಲ್ಲ ಉಂಡು ಮಲಗುವ ಹೊತ್ತು ಅದು. ಕವಿತಾ ಜಗಳ ಮಾಡಿ ಬುಧವಾರ ಐದರ ಹೊತ್ತನ್ನು ಇಸಿದುಕೊಂಡಳು. ಅಡಿವೆವ್ವನ ಪದಕ್ಕೆ ಕೂತ ಜನ ಎದ್ದು ಹೋಗುವುದರೊಳಗೆ ನಾಲ್ಕು ಹಾಡು ಕಿವಿಗೆ ಬಿದ್ದರೆ ಹಿಡಿಸೀತು ಎಂಬುದು ಅವಳ ಲೆಕ್ಕ. “ಬ್ಯಾಡವಾ, ಆ ಹೊತ್ತಿನ್ಯಾಗ ಎಲ್ಲಾರ ಮನ್ಯಾಗೂ ರೇಡಿಯೋ ಚಾಲೂ ಇರತಾವು. ನೀ ಹಚ್ಚಿದಿ ಅಂದ್ರ ಬಂದ್ ಮಾಡ್ತಾರ” ಎಂದು ಸಲಾವುದ್ದೀನ ಸರ್ ಹೇಳಿ ನೋಡಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಬ್ಬಳಂತೂ ಕೇಳುತ್ತಾಳೆ ಎಂಬ ಧೈರ್ಯ ಅವಳಿಗಿತ್ತು. ಪ್ರತಿ ಬುಧವಾರ ರಾತ್ರಿ ಊಟಕ್ಕೆ ಕೂತಾಗ ಯಂಕವ್ವ, “ಕೇಳಿದೆ ಬೇ. ಇವತ್ತ ಭಾಳ ಜೋರಿತ್ತು” ಎನ್ನುತ್ತಿದ್ದಳು. ಚಲೋ ಇತ್ತು ಎಂದು ಮಾತ್ರ ಎಂದೂ ಅನ್ನುತ್ತಿರಲಿಲ್ಲ. ಆದರೂ ಕೇಳಿದಳಲ್ಲ ಎಂಬುದೇ ಕವಿತಾಳಿಗೆ ರೊಟ್ಟಿಯ ಜೊತೆ ಬೆಣ್ಣೆ ಹಾಕಿದಷ್ಟು ಸಂತೋಷ.

ಹೊಳೆಮಣ್ಣೂರಿನ ಮನೆಮನೆಯಲ್ಲಿ ರೇಡಿಯೋ ಇರುವುದಕ್ಕೂ ಒಂದು ಕಾರಣವಿತ್ತು. ಕೆಲವು ವರ್ಷದ ಹಿಂದೆ ಮಲಪ್ರಭೆ ಊರೊಳಗೆ ನುಗ್ಗಿ ಮಾಳಿಗೆಯ ತನಕ ಏರಿದಾಗ ಯಾರೋ ಪುಣ್ಯಾತ್ಮರು ಮನೆಗೊಂದರಂತೆ ಸಣ್ಣ ಸೆಲ್ಲಿನ ರೇಡಿಯೋ ಹಂಚಿದ್ದರು. ಹೊಳೆ ಬರುವ ಸುದ್ದಿ ಕಾಲೇಜಿನ ಕೇಂದ್ರದಿಂದ ಹೇಳುತ್ತೇವೆ, ಮಳೆಗಾಲದಲ್ಲಿ ಮಾತ್ರ ಬಂದ್ ಮಾಡಬೇಡಿ ಎಂದಿದ್ದರು. ಊರವರು ಆ ಮಾತನ್ನು ನಿಷ್ಠೆಯಿಂದ ಪಾಲಿಸಿದರು. ಹೊಳೆ ಎಷ್ಟೇ ಕೆಂಪಾಗಿ ಹರಿಯಲಿ, “ರೇಡಿಯೋ ಇನ್ನೂ ಏನೂ ಅಂದಿಲ್ಲ ತಗೀ” ಎಂದು ಸಮಾಧಾನದಿಂದ ಇರುತ್ತಿದ್ದರು. ವಾರದಲ್ಲಿ ಒಂದೇ ಒಂದು ತಾಸು ಆ ನಿಷ್ಠೆಗೆ ರಜೆ.

ಹೋದ ವರ್ಷ ಶ್ರಾವಣದ ಒಂದು ಬುಧವಾರ. ಎರಡು ದಿನದಿಂದ ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿತ್ತು. ಹೊಳೆಸಾಲಿನ ಹಳ್ಳಿಗಳಲ್ಲಿ ಕರೆಂಟು ಹೋಗಿ ಎರಡು ದಿನವಾಗಿತ್ತು, ಫೋನುಗಳೆಲ್ಲ ಸತ್ತು ಬಿದ್ದಿದ್ದವು. ಕವಿತಾ ಹಿಂದಿನ ದಿನವೇ ರೋಣದಲ್ಲಿ ಗೆಳತಿಯ ಮನೆಯಲ್ಲಿ ಉಳಿದಿದ್ದಳು. ಐದಕ್ಕೆ ಅಡಿವೆವ್ವ ಪದ ಮುಗಿಸಿ ಛತ್ರಿ ಬಿಚ್ಚಿಕೊಂಡು ಹೋದಳು. ಕವಿತಾ ಮೊದಲ ಹಾಡು ಹಾಕಿ ಎರಡನೆಯದನ್ನು ಹುಡುಕುತ್ತಿದ್ದಾಗ ಸಲಾವುದ್ದೀನ ಸರ್ ಒಂದು ಚೀಟಿ ಹಿಡಿದುಕೊಂಡು ಒಳಗೆ ಬಂದರು.

“ಕವಿತಾ, ಹಾಡು ಬಂದ್ ಮಾಡು. ಮ್ಯಾಲಿನ ಡ್ಯಾಮಿಂದ ನೀರು ಜಾಸ್ತಿ ಬಿಟ್ಟಾರಂತ. ಆರೂಕಾಲು, ಆರೂವರಿ ಸುಮಾರಿಗೆ ನಿಮ್ಮೂರು ಹೊಕ್ಕತೈತಿ.”

“ಊರಿಗೆ ಯಾರರೆ ಹೋಗ್ಯಾರೇನ್ರಿ ಸರ್?”

“ಜೀಪು ಹೋಗಿತ್ತಂತ. ಹಳ್ಳ ತುಂಬಿ ರಸ್ತೆ ಕಡಕೊಂಡೈತಿ, ಹೊಳ್ಳಿ ಬಂದಾರ. ಈಗ ನಾವು ಹೇಳಿದರ ಹೇಳಿದಂಗ.”

ಗೋಡೆಯ ಗಡಿಯಾರದಲ್ಲಿ ಐದು ದಾಟಿ ಆರು ನಿಮಿಷ. ಈ ಹೊತ್ತಿಗೆ ಊರಿನಲ್ಲಿ ತಾಯಿಯದೊಂದು ಬಿಟ್ಟರೆ ಬೇರೆ ರೇಡಿಯೋ ಉಸಿರಾಡುತ್ತಿರುವುದಿಲ್ಲ ಎಂಬುದು ಕವಿತಾಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೇರೆ ಯಾವ ದಿನವಾದರೂ, ಬೇರೆ ಯಾವ ತಾಸಾದರೂ ನಡೆಯುತ್ತಿತ್ತು. ಜಗಳ ಮಾಡಿ ಇಸಿದುಕೊಂಡ ತಾಸು ಇದು.

ಚೀಟಿಯಲ್ಲಿದ್ದದ್ದನ್ನು ಇದ್ದ ಹಾಗೆ ಓದಬೇಕು, ಸ್ವಂತದ ಮಾತು ಸೇರಿಸಿ ಜನರನ್ನು ಗಾಬರಿ ಮಾಡಬಾರದು ಎಂದು ತಹಶೀಲ್ದಾರ ಕಚೇರಿಯವರು ಫೋನಿನಲ್ಲಿ ಹೇಳಿದ್ದರಂತೆ. ಅವಳು ಓದಿದಳು. ‘ನದಿಗೆ ಹರಿಬಿಡುವ ನೀರಿನ ಪ್ರಮಾಣವನ್ನು ಹೆಚ್ಚಿಸಲಾಗಿದ್ದು, ನದಿಪಾತ್ರದ ಸಾರ್ವಜನಿಕರು ಜಾನುವಾರುಗಳೊಂದಿಗೆ ಸುರಕ್ಷಿತ ಸ್ಥಳಗಳಿಗೆ ತೆರಳಲು ಈ ಮೂಲಕ ಸೂಚಿಸಲಾಗಿದೆ.’ ತಾಯಿಯ ಹೊರತು ಕೇಳುವವರೇ ಇಲ್ಲದಾಗ ಗಾಬರಿ ಯಾರಿಗೆ? ನಾಲ್ಕು ಸಲ ಓದಿ ಅವಳು ತಾಯಿಯ ಫೋನಿಗೆ ಹಚ್ಚಿದಳು. ಬಂದಾಗಿತ್ತು. ಊರಿನ ಹನ್ನೊಂದು ಜನಕ್ಕೆ ಹಚ್ಚಿದಳು. ಹನ್ನೊಂದೂ ಬಂದ್.

ಆಗ ಅವಳಿಗೆ ಬಾಜೂ ಮನೆಯ ಮುದುಕಿ ಗಾಳೆವ್ವಾಯಿಯ ನೆನಪಾಯಿತು. ಅವರ ಮನೆಗೂ ಕವಿತಾಳ ಮನೆಗೂ ನಡುವೆ ಒಂದೇ ಗೋಡೆ. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಆಯಿಯ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಉಳಿದ ಜನ ಕಟ್ಟಕಡೆಯ ಗಳಿಗೆಯಲ್ಲಿ ಎದ್ದು ಓಡಿದರೂ ಶಾಲೆಯಿದ್ದ ದಿಬ್ಬ ಮುಟ್ಟಿಯಾರು. ಆಯಿಯನ್ನು ಹಾಗೆ ಓಡಿಸಲು ಬರುವುದಿಲ್ಲ. ಮಲಗಿದ ಹೊರಸು ಸಮೇತ ಎತ್ತಲು ನಾಲ್ಕು ಗಂಡಾಳು ಬೇಕು, ಓಣಿಯಲ್ಲಿ ನೀರು ಬರುವ ಮೊದಲೇ ಎತ್ತಬೇಕು. ಮಳೆ ನಿಲ್ಲುವ ತನಕ ಮಗ ದನ ಹೊಡೆದುಕೊಂಡು ಮೇಲಿನ ಹೊಲಕ್ಕೆ ಹೋಗಿರುತ್ತಾನೆ. ಸೊಸೆ ಮೇವಿಗೆ ಹೋಗಿ ಆರಕ್ಕೆ ಬರುವುದು ರೂಢಿ. ಆಯಿಯ ಬಳಿ ಈಗ ಯಾರೂ ಇರುವುದಿಲ್ಲ.

ಕವಿತಾ ಚೀಟಿಯನ್ನು ಮಡಚಿ ಪಕ್ಕಕ್ಕಿಟ್ಟು ಮೈಕಿನ ಹತ್ತಿರ ಬಾಗಿದಳು. “ಯವ್ವಾ, ನಾ ಕವಿತಾ. ಹೊಳಿ ಬರಾಕತ್ತೈತಿ. ಆರೂಕಾಲಿಗೆ ಊರ ಹೊಕ್ಕತೈತಿ. ಆಡಿನ ಹಗ್ಗಾ ಬಿಚ್ಚು, ನೀ ಸಾಲಿ ಕಡೆ ಹೋಗು. ಎಲ್ಲಾರಿಗೂ ಹೇಳು. ಗಾಳೆವ್ವಾಯಿ ಒಬ್ಬಾಕಿನ ಅದಾಳ, ಆಕಿನ್ನ ಹೊರಸು ಸಮೇತ ಎತ್ರಿ. ಯಾರು ಕೇಳಾಕತ್ತೀರಿ, ಅವರು ಬಾಜೂ ಮನಿಯವರಿಗೆ ಹೇಳ್ರಿ. ನಿಮ್ಮ ಕಾಲಿಗೆ ಬೀಳತೀನಿ.” ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. ಸಲಾವುದ್ದೀನ ಸರ್ ತಡೆಯಲಿಲ್ಲ. ಯಂತ್ರದ ಮುಂದೆ ನಿಂತು ದನಿಯನ್ನು ಸ್ವಲ್ಪ ಏರಿಸಿದರು.

ಮೈಕಿನ ಮುಂದೆ ಕೂತವರ ಪಾಡು ಹೀಗೆ. ಎದುರಿಗೆ ಒಬ್ಬ ಮನುಷ್ಯನಿದ್ದರೆ ಅವನ ಕಣ್ಣು ನೋಡಿ ಮಾತು ಮುಟ್ಟಿತೋ ಇಲ್ಲವೋ ತಿಳಿಯುತ್ತದೆ. ಇಲ್ಲಿ ಎದುರಿಗೆ ಇರುವುದು ಕೌದಿ.

ಐದೂಇಪ್ಪತ್ತಕ್ಕೆ ಫೋನು ರಿಂಗಾಯಿತು. ಕವಿತಾ ಮೈಕನ್ನು ಸರ್ ಕೈಗೆ ಕೊಟ್ಟು, ಕುರ್ಚಿ ಬೀಳಿಸಿಕೊಂಡು ಓಡಿದಳು. ಇಟಗಿಯಿಂದ ಯಾರೋ ಹಿರಿಯರು. “ಪ್ಯಾಟಿ ಧಾರಣಿ ಇವತ್ತ ಲಗೂ ಹೇಳ್ತೀರೇನ್ರಿ ಮತ್ತ? ಹಾಡು ಬರವೊಲ್ಲವು, ಬರೇ ಮಾತು ಬರಾಕತ್ತಾವು.”

“ಅಜ್ಜಾರ, ನಿಮಗ ಹೊಳೆಮಣ್ಣೂರಾಗ ಯಾರರೆ ಅದಾರೇನ್ರಿ? ಹೆಂಗರೆ ಸುದ್ದಿ ಮುಟ್ಟಸಾಕ ಬರತೈತೇನ್ರಿ?”

“ಇಲ್ಲವಾ ತಂಗಿ, ನಮ್ಮವರು ಯಾರೂ ಇಲ್ಲಲ್ಲಿ. ದೇವರು ದೊಡ್ಡಾಂವ ಅದಾನ” ಎಂದು ಅವರು ಮರುಕದಿಂದ ಹೇಳಿ ಇಟ್ಟರು.

ತಿರುಗಿ ಬಂದು ಕೂತಾಗ ಅವಳಿಗೆ ಒಂದು ಯೋಚನೆ ಹೊಳೆಯಿತು. ತಾಯಿ ಇಂದು ಹಚ್ಚಿರದಿದ್ದರೂ ಊರಿನಲ್ಲಿ ಎಲ್ಲೋ ಒಂದು ರೇಡಿಯೋ ಮರೆತು ಚಾಲೂ ಉಳಿದಿರಬಹುದು. ಮನೆಯವರು ಹಿತ್ತಲಲ್ಲಿರಬಹುದು, ಕಟ್ಟೆಯ ಮೇಲಿರಬಹುದು. ಬರೇ ಮಾತು ಬಂದರೆ ಯಾರೂ ಎದ್ದು ಒಳಗೆ ಬರುವುದಿಲ್ಲ. ಗದ್ದಲ ಬಂದರೆ ಬಂದ್ ಮಾಡುವುದಕ್ಕಾದರೂ ಬರುತ್ತಾರೆ.

“ಸರ್, ಎಲ್ಲಾಕ್ಕಿಂತ ಜೋರ್ ಹಾಡು ಹಾಕತೀನಿ. ಎರಡು ನಿಮಿಷ ಹಾಡು, ಒಂದು ನಿಮಿಷ ಮಾತು. ಬೈಯಾಕರೆ ಯಾರರೆ ಬರ್ತಾರ, ಬಂದಾಗ ಮಾತು ಕಿವಿಗೆ ಬೀಳತೈತಿ.”

ಸಲಾವುದ್ದೀನ ಸರ್ ಗಡಿಯಾರ ನೋಡಿದರು. “ಹೂಂ, ಹಾಕವಾ” ಎಂದರು. ಅವರಿಗಾದರೂ ಬೇರೆ ಏನು ತೋಚೀತು?

ಮೂವತ್ತು ವರ್ಷದ ಹಿಂದಿನ, ಹಾಡುವವನ ಗಂಟಲು ಹರಿದೇಹೋಗುವಂಥ ಹಾಡೊಂದನ್ನು ಹಾಕಿದಳು. ಬೆನ್ನಿಗೆ ಮಾತು. ಆಮೇಲೆ ಶಿಲ್ಲಾಂಗಿನವರ ಹೊಸದು, ಡ್ರಮ್ಮಿನ ಏಟಿಗೆ ಮೇಜಿನ ಮೇಲಿನ ನೀರು ನಡುಗುವಂಥದ್ದು. ಮತ್ತೆ ಮಾತು. ಎಲ್ಲೂ ಉಸಿರಾಡುವಷ್ಟೂ ಖಾಲಿ ಬಿಡಲಿಲ್ಲ. ಗದ್ದಲ ನಿಂತರೆ ಬರುತ್ತಿರುವವರು ಅರ್ಧ ದಾರಿಯಲ್ಲೇ ಹೊಳ್ಳಿ ಹೋದಾರು ಎಂಬ ಭಯ. ಹಳೆಯದು, ಹೊಸದು, ಹಳೆಯದು. ಎರಡು ವರ್ಷದಿಂದ ಪ್ರೀತಿಯಿಂದ ಜೋಡಿಸಿಟ್ಟ ಹಾಡುಗಳನ್ನು ಅಂದು ಅವಳು ಬಾಗಿಲು ಬಡಿದ ಹಾಗೆ ಬಡಿದಳು. ಆಗಾಗ ಗಡಿಯಾರ ನೋಡುತ್ತಿದ್ದಳು. ಐದೂವರೆ. ಐದೂನಲವತ್ತು. ಐದೂಐವತ್ತು. ಗಂಟಲು ಕೂತು, ಆಯಿಯ ಹೆಸರು ಹೇಳುವಾಗ ಗಾಳಿ ಮಾತ್ರ ಹೊರಡುತ್ತಿತ್ತು.

ಸರಿಯಾಗಿ ಆರಕ್ಕೆ, ಪೇಟೆ ಧಾರಣೆಗೆಂದು, ಹೊಳೆಮಣ್ಣೂರಿನ ರೇಡಿಯೋಗಳೆಲ್ಲ ಒಟ್ಟಿಗೆ ಕಣ್ಣು ತೆರೆದವು. ಗೋವಿನಜೋಳದ ದರ ಕೇಳಲು ಕೂತವರಿಗೆ ಕವಿತಾಳ ಒಡೆದ ದನಿ ಕೇಳಿಸಿತು. ಊರು ದಡಬಡಿಸಿ ಎದ್ದಿತು. ಹದಿನೈದು ನಿಮಿಷಕ್ಕೆ ನೀರು ಬಂತು.

ಇದೆಲ್ಲ ಕವಿತಾಳಿಗೆ ತಿಳಿದದ್ದು ಮೂರನೆಯ ದಿನ, ಹಳ್ಳ ಇಳಿದ ಮೇಲೆ, ಟ್ರ್ಯಾಕ್ಟರಿನಲ್ಲಿ ನಿಂತುಕೊಂಡು ಊರು ಮುಟ್ಟಿದಾಗ. ದಿಬ್ಬದ ಮೇಲಿನ ಸಾಲಿಯಲ್ಲಿ ಊರಿಗೆ ಊರೇ ಇತ್ತು. ಜೀವ ಉಳಿದಿತ್ತು. ಆಡು, ಕಾಳು, ಹಾಸಿಗೆ, ಒಲೆ, ಏನೂ ಉಳಿದಿರಲಿಲ್ಲ. ಕಿಟಕಿಯ ಮೇಲೆ, ಬೆಂಚಿನ ಮೇಲೆ, ಎಲ್ಲ ಕಡೆ ರೇಡಿಯೋಗಳು ಚಾಲೂ ಇದ್ದವು. ಒಂದನ್ನೂ ಯಾರೂ ಬಂದ್ ಮಾಡುತ್ತಿರಲಿಲ್ಲ.

ಯಂಕವ್ವ ಕೆಸರಾದ ಸೀರೆಯಲ್ಲೇ ಮೂಲೆಗೆ ಕೂತಿದ್ದಳು. ಮಗಳನ್ನು ಕಂಡವಳೇ ಅಪ್ಪಿಕೊಂಡು, ಅತ್ತು, ಕಣ್ಣೊರೆಸಿಕೊಂಡಳು. ಕವಿತಾ ಬಾಯಿಗೆ ಬಂದದ್ದನ್ನು ತಡೆಯಲಾರದೆ ಕೇಳಿಯೇಬಿಟ್ಟಳು.

“ಯವ್ವಾ, ನೀ ಬುಧವಾರ ಕೇಳ್ತಿದ್ದಿಯಲ್ಲ? ಅವತ್ತ್ಯಾಕ ಕೇಳಲಿಲ್ಲ?”

ಯಂಕವ್ವ ತಲೆ ತಗ್ಗಿಸಿದಳು. “ನಾ ಯಾವತ್ತೂ ಹಚ್ಚತಿದ್ದಿಲ್ಲಬೇ. ಗಾಳೆವ್ವನ ಮನ್ಯಾಗಿಂದ ಗ್ವಾಡಿ ತೂರಿ ಬರತಿತ್ತು, ಅದನ್ನ ಕೇಳಿ ಹೇಳತಿದ್ದೆ. ಸೊಸಿ ಸೋಬಾನಕ್ಕಂತ ಹಚ್ಚಿಟ್ಟು ಮೇವಿಗೆ ಹೋಗತಾಳ. ಆಯಿಗೆ ಬಂದ್ ಮಾಡಾಕ ಕೈ ನಿಲುಕೂದಿಲ್ಲ.”

“ಅಂದ್ರ ಅವತ್ತೂ ಅಲ್ಲಿ ಚಾಲೂ ಇತ್ತು?”

“ಇತ್ತು. ಅವತ್ತು ಎಂದಿಲ್ಲದ ಗದ್ದಲ. ಮಾತು ಏನೂ ತಿಳೀತಿದ್ದಿಲ್ಲ, ಬರೇ ಧಡಧಡ. ಮೊದಲ ಜೀವಕ್ಕ ಬ್ಯಾಸರಾಗಿತ್ತು, ತಲಿ ಚಿಟ್ಟ ಹಿಡೀತು. ಎದ್ದು ಕದಾ ಮುಚ್ಚಿಕೊಂಡೆ.”

ಕವಿತಾ ತಾಯಿಯ ಕೈಯನ್ನು ಬಿಡಲೂ ಇಲ್ಲ, ಹಿಡಿಯಲೂ ಇಲ್ಲ.

ಗಾಳೆವ್ವ ಸಾಲಿಯಲ್ಲಿರಲಿಲ್ಲ. ಸೊಸೆ ಇನ್ನೂ ಬಂದಿರಲಿಲ್ಲ; ಆರಕ್ಕೆ ಎದ್ದ ಗಡಿಬಿಡಿಯಲ್ಲಿ ಮಕ್ಕಳನ್ನು ದಾಟಿಸುವುದರೊಳಗೆ ಹೊರಸಿಗೆ ನಾಲ್ಕು ಗಂಡಾಳು ಕೂಡಿರಲಿಲ್ಲ. ಓಣಿಯಲ್ಲಿ ಎದೆಮಟ್ಟ ನೀರು ನಿಂತ ಮೇಲೆ ಹುಡುಗರು ಈಜಿಕೊಂಡು ಹೋಗಿ ಆಕೆಯನ್ನು ಹೊರಗೆ ತಂದಿದ್ದರು. ಅಷ್ಟರಲ್ಲಿ ನೀರು ಹೊರಸು ದಾಟಿ ಗದ್ದದ ತನಕ ಬಂದಿತ್ತಂತೆ. ದೋಣಿಯಲ್ಲಿ ದಾಟಿಸಿ ರೋಣದ ದವಾಖಾನೆಗೆ ಸೇರಿಸಿದ್ದರು. ಎದೆಯಲ್ಲಿ ನೀರು ಹೊಕ್ಕಿದೆ, ವಯಸ್ಸೂ ಆಗಿದೆ, ನೋಡೋಣ ಎಂದು ಡಾಕ್ಟರು ಮಗನಿಗೆ ಹೇಳಿದ್ದರು.

ಮರುದಿನ ಕವಿತಾ ಹೋದಾಗ ಆಯಿ ಎಚ್ಚರವಾಗಿದ್ದಳು. ಸೊಸೆ ತುಟಿಗೆ ಗಂಜಿ ಹಿಡಿದರೆ ಬೇಡವೆಂದು ತಲೆಯಾಡಿಸುತ್ತಿದ್ದಳು. ಕವಿತಾಳನ್ನು ಕಂಡು ಎಡಗೈ ಎತ್ತಿ ಹತ್ತಿರ ಕರೆದಳು. ಕವಿತಾ ನೆಲದ ಮೇಲೆ ಕೂತು ಮಂಚಕ್ಕೆ ಕಿವಿಯಿಟ್ಟಳು. ಆಯಿಯ ದನಿ ಮೊದಲೇ ಸಣ್ಣದು, ಈಗ ಇನ್ನೂ ಸಣ್ಣದಾಗಿತ್ತು.

“ನೀ ನನ್ನ ಹೆಸರು ಹಿಡದು ಕರದ್ಯಲ್ಲ. ಭಾಳ ಸಲ ಕರದಿ.”

“ಹೂಂ ಆಯೀ.”

“ಗಾಳೆವ್ವಾಯಿನ್ನ ಎತ್ರಿ ಅಂದಿ. ನಾ ‘ಇಲ್ಲೇ ಅದೀನಿ, ಬರ್ರೋ’ ಅಂತ ಒದರಿದೆ. ಯಂಕವ್ವಾ, ಯಂಕವ್ವಾ ಅಂದೆ. ಅಷ್ಟರಾಗ ನೀ ಹಾಡು ಹಚ್ಚಿದಿ. ಹಾಡಿನ ಮುಂದ ನನ್ನ ದನಿ ಎಲ್ಲಿ ಕೇಳಬೇಕು? ಮುಗೀಲಿ ಅಂತ ಸುಮ್ಮನಾದೆ.” ಆಯಿ ಉಸಿರು ತೆಗೆದುಕೊಂಡಳು. “ಮುಗೀತು, ನೀ ಮಾತಾಡಿದಿ. ನೀ ಮಾತಾಡೂ ಮುಂದ ಹೆಂಗ ನಡುವ ಬಾಯಿ ಹಾಕೂದು ಅಂತ ತಡದೆ. ನೀ ಮುಗಿಸಿದಿ, ನಾ ಬಾಯಿ ತೆರೆಯೂದ್ರೊಳಗ ಮತ್ತ ಹಾಡು ಬಂತು. ನೀರು ಬರೂತನಾ ಹಿಂಗ ಆತು.”

ಸೊಸೆ ಗಂಜಿಯ ಬಟ್ಟಲು ಕೆಳಗಿಟ್ಟಳು. ಆಯಿಯ ಮುಖದಲ್ಲಿ ಸಿಟ್ಟು ಎಳ್ಳಷ್ಟೂ ಇರಲಿಲ್ಲ. ಅವಳು ಕವಿತಾಳ ತಲೆಯ ಮೇಲೆ ಎಡಗೈ ಇಟ್ಟಳು.

“ಒಂದೀಟು ತಡದು ಹಚ್ಚಿದ್ದಿ ಅಂದ್ರ ನಿಮ್ಮವ್ವಗ ಕೇಳತಿತ್ತವಾ” ಎಂದಳು.